ಗೋಪುರ ಕಟ್ಟುವ ಮೊದಲು
ದೈವಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಬಯಸುವ ಮಕ್ಕಳಿಗೂ ಅವರ ಮನೆಯವರಿಗೂ ಒಂದು ಮಾತು

ಕಳೆದ ಕ್ರಿಸ್ಮಸ್ ರಜೆಯಲ್ಲಿ ಸುಳಕೂಡದಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದೆ. ದೂಧಗಂಗಾ ನದಿಯ ದಂಡೆಯ ಈ ಊರು ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಗೆ ಸೇರಿದ್ದು. ತಂಗಿಯ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ತಂಗಿಯ ಗಂಡ ಇಚಲಕರಂಜಿಯ ಪಾವರ್‌ಲೂಮ್ ಕಾರ್ಖಾನೆಯೊಂದರಲ್ಲಿ ಮಗ್ಗ ನಡೆಸುತ್ತಾರೆ. ಒಬ್ಬಳೇ ಮಗಳು. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಿಂದ ಮರಾಠಿಯಲ್ಲಿ ಎಂ.ಎ. ಮುಗಿಸಿ, ಈಗ ಗಡಹಿಂಗ್ಲಜದ ಶಾಲೆಯೊಂದರಲ್ಲಿ ಪಾಠ ಹೇಳುತ್ತಾಳೆ. ವಯಸ್ಸು ಇಪ್ಪತ್ತನಾಲ್ಕು.

ರಾತ್ರಿ ಊಟವಾದ ಮೇಲೆ ಹುಡುಗಿ ನನ್ನ ಪಕ್ಕ ಬಂದು ಕುಳಿತಳು.

“ಮಾಮಾ, ನಾ ಪಿಎಚ್.ಡಿ.ಗೆ ಅರ್ಜಿ ಹಾಕಬೇಕಂತ ಮಾಡೇನಿ.”

“ಭಾಳ ಛಲೋ ಆತು. ಯಾವ ವಿಷಯದಾಗ?”

“ದೈವಶಾಸ್ತ್ರದಾಗ.”

ಒಳಗೆ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತು. ತಂಗಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. “ಅಣ್ಣಾ, ಅದು ಫಾದರ್‌ಗೋಳು ಓದೂದಲ್ಲೇನು? ಇಕಿ ಏನ್ ಸಿಸ್ಟರ್ ಆಗಾಕಿನ? ವರಾ ನೋಡಾಕತ್ತೀವಿ, ಇಕಿ ನೋಡಿದ್ರ ಹಿಂಗಂತಾಳ!”

ಹುಡುಗಿ ಉತ್ತರ ಕೊಡಲಿಲ್ಲ. ಒಂದು ಅರ್ಜಿ ನಮೂನೆ ತಂದು ನನ್ನ ಮುಂದಿಟ್ಟಳು. ಹೆಸರು, ಜನ್ಮದಿನ, ಜ್ಞಾನಸ್ನಾನದ ದಿನ, ಎಲ್ಲವನ್ನೂ ಅಚ್ಚುಕಟ್ಟಾಗಿ ತುಂಬಿದ್ದಳು. ‘ಧರ್ಮಕ್ಷೇತ್ರ ಅಥವಾ ಧಾರ್ಮಿಕ ಸಭೆ’, ‘ಮೇಲಧಿಕಾರಿಗಳ ಸಹಿ’ ಎಂಬ ಎರಡು ಕಡೆ ಮಾತ್ರ ಪೆನ್ಸಿಲಿನಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದಳು.

“ಮಾಮಾ, ನನ್ನ ಮ್ಯಾಲಧಿಕಾರಿ ಯಾರು? ಅಪ್ಪನಾ?”

ಎಲ್ಲರೂ ನಕ್ಕೆವು. ಆದರೆ ಆ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. ಇಷ್ಟು ವರ್ಷ ಜ್ಞಾನೋಪದೇಶ ಕಲಿಸಿದವನು ನಾನು. ಆದರೂ ಆ ಎರಡು ಪ್ರಶ್ನೆ ಚಿಹ್ನೆಗಳಿಗೆ ನನ್ನ ಬಳಿ ಸರಿಯಾದ ಉತ್ತರವಿರಲಿಲ್ಲ. ಊರಿಗೆ ಮರಳಿದ ಮೇಲೆ ತಿಳಿದ ಗುರುಗಳನ್ನೂ ಭಗಿನಿಯರನ್ನೂ ವಿಚಾರಿಸಿ, ನಿಯಮಗಳನ್ನು ಓದಿ ತಿಳಿದುಕೊಂಡದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ. ನಾಳೆ ನಿಮ್ಮ ಮನೆಯಲ್ಲೂ ಇಂಥ ಪ್ರಶ್ನೆ ಏಳಬಹುದು.

ಬಾಗಿಲು ಮುಚ್ಚಿಲ್ಲ

ಮೊದಲು ತಂಗಿಯ ಪ್ರಶ್ನೆಗೆ ಉತ್ತರ. ದೈವಶಾಸ್ತ್ರ ಗುರುಗಳಿಗೆ ಮಾತ್ರವೇ? ಅಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 229ನೆಯ ವಿಧಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಧರ್ಮಸಭೆಯ ವಿಶ್ವವಿದ್ಯಾಲಯಗಳಲ್ಲಿ ಪವಿತ್ರ ಶಾಸ್ತ್ರಗಳನ್ನು ಕಲಿಯುವುದು, ಪದವಿ ಪಡೆಯುವುದು ಶ್ರೀಸಾಮಾನ್ಯ ವಿಶ್ವಾಸಿಗಳ ಹಕ್ಕು. ಅರ್ಹರಾದವರು ಅಧಿಕಾರಿಗಳ ಅನುಮತಿ ಪಡೆದು ಬೋಧಿಸಲೂಬಹುದು. ಪೋಪ್ ಫ್ರಾನ್ಸಿಸ್ ಅವರು 2017ರಲ್ಲಿ ಸಹಿ ಹಾಕಿದ ‘ವೆರಿತಾತಿಸ್ ಗಾವುದಿಯುಂ’ ಎಂಬ ಸಂವಿಧಾನವೂ ಇದನ್ನೇ ದೃಢಪಡಿಸುತ್ತದೆ. ನಡತೆಯ ಬಗ್ಗೆ ಯೋಗ್ಯ ಸಾಕ್ಷ್ಯ ಮತ್ತು ಹಿಂದಿನ ಸರಿಯಾದ ವಿದ್ಯಾಭ್ಯಾಸ ಇರುವ ಎಲ್ಲರಿಗೂ, ಯಾಜಕರಿಗೂ ಶ್ರೀಸಾಮಾನ್ಯರಿಗೂ, ಈ ವಿದ್ಯಾಪೀಠಗಳು ತೆರೆದಿರಬೇಕು ಎನ್ನುತ್ತದೆ.

ಹಾಗಾದರೆ ನಮ್ಮ ಹುಡುಗಿಯ ‘ಮೇಲಧಿಕಾರಿ’ ಯಾರು? ಗುರುಗಳಿಗೆ ಅವರ ಧರ್ಮಾಧ್ಯಕ್ಷರು, ಭಗಿನಿಯರಿಗೆ ಅವರ ಸಭೆಯ ಮುಖ್ಯಸ್ಥರು ಪತ್ರ ಕೊಡುತ್ತಾರೆ. ಶ್ರೀಸಾಮಾನ್ಯರ ಪರವಾಗಿ ಸಾಕ್ಷ್ಯ ಹೇಳಬೇಕಾದವರು ಧರ್ಮಕೇಂದ್ರದ ಗುರುಗಳು. ಕೆಲವು ಕಡೆ ಧರ್ಮಾಧ್ಯಕ್ಷರ ಪತ್ರವನ್ನೂ ಕೇಳುತ್ತಾರೆ. ಗಡಿಭಾಗದವರು ತಮ್ಮ ಧರ್ಮಕೇಂದ್ರ ಪುಣೆ ಧರ್ಮಕ್ಷೇತ್ರಕ್ಕೆ ಸೇರಿದ್ದೋ ಬೆಳಗಾವಿ ಧರ್ಮಕ್ಷೇತ್ರಕ್ಕೆ ಸೇರಿದ್ದೋ ಎಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಲಿ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ, 1970ರಲ್ಲಿ ಪೋಪ್ ಆರನೆಯ ಪೌಲರು ಆವಿಲದ ಸಂತ ತೆರೇಸಾ ಮತ್ತು ಸಿಯೆನಾದ ಸಂತ ಕ್ಯಾಥರೀನ್ ಅವರನ್ನು ಧರ್ಮಸಭೆಯ ಪಂಡಿತೆಯರೆಂದು ಘೋಷಿಸಿದರು. 1997ರಲ್ಲಿ ಲಿಸಿಯೂದ ಸಂತ ತೆರೇಸಾ, 2012ರಲ್ಲಿ ಬಿಂಗೆನ್ನಿನ ಸಂತ ಹಿಲ್ಡೆಗಾರ್ಡ್ ಈ ಸಾಲಿಗೆ ಸೇರಿದರು. ಇವರಾರೂ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಲ್ಲ. ಅವರ ಕಾಲದಲ್ಲಿ ಆ ಬಾಗಿಲು ಸ್ತ್ರೀಯರಿಗೆ ತೆರೆದಿರಲಿಲ್ಲ. ಈಗ ತೆರೆದಿದೆ. ನಮ್ಮ ದೇಶದಲ್ಲೇ ದೆಹಲಿಯ ವಿದ್ಯಾಜ್ಯೋತಿಯಲ್ಲಿ ದೈವಶಾಸ್ತ್ರ ಬೋಧಿಸಿದ ಸಿಸ್ಟರ್ ಶಾಲಿನಿ ಮುಳಕ್ಕಲ್ ಅವರು 2014ರಲ್ಲಿ ಭಾರತೀಯ ದೈವಶಾಸ್ತ್ರಜ್ಞರ ಸಂಘದ ಮೊದಲ ಮಹಿಳಾ ಅಧ್ಯಕ್ಷೆಯಾದರು.

ಮೆಟ್ಟಿಲು ಹಾರಿ ಹೋಗಲಾಗದು

ಇಷ್ಟು ಹೇಳಿದಾಗ ಅರಳಿದ ಹುಡುಗಿಯ ಮುಖ ಮುಂದಿನ ಮಾತು ಕೇಳಿ ಬಾಡಿತು. ಬಾಗಿಲು ತೆರೆದಿದೆ ನಿಜ. ಆದರೆ ಬಾಗಿಲಿಗೆ ಮೆಟ್ಟಿಲುಗಳಿವೆ. ಎಂ.ಎ. ಆದವರು ಪಿಎಚ್.ಡಿ.ಗೆ ಅರ್ಜಿ ಹಾಕುವುದು ಲೋಕರೂಢಿ. ಅವಳೂ ಹಾಗೆಯೇ ಎಣಿಸಿದ್ದಳು. ಧರ್ಮಸಭೆಯ ದೈವಶಾಸ್ತ್ರ ಪದವಿಗಳ ದಾರಿ ಬೇರೆ.

ಮೊದಲ ಹಂತ ಐದು ವರ್ಷದ್ದು. ಇದರಲ್ಲಿ ತತ್ವಶಾಸ್ತ್ರವೂ ದೈವಶಾಸ್ತ್ರದ ಬುನಾದಿಯೂ ಸೇರಿರುತ್ತವೆ. ಎರಡು ವರ್ಷ ತತ್ವಶಾಸ್ತ್ರ ಮೊದಲೇ ಓದಿದವರಿಗೆ ಮೂರು ವರ್ಷ ಸಾಕು. ಇದು ಮುಗಿದಾಗ ಸಿಗುವುದು ಬ್ಯಾಚುಲರ್ ಪದವಿ. ಎರಡನೆಯ ಹಂತ ಎರಡು ವರ್ಷದ ಲೈಸೆನ್ಶಿಯೇಟ್. ಇದರಲ್ಲಿ ಪವಿತ್ರ ಗ್ರಂಥ, ವಿಶ್ವಾಸ ಸತ್ಯಗಳು, ನೀತಿಶಾಸ್ತ್ರ, ದೈವಾರಾಧನೆ ಮುಂತಾದವುಗಳಲ್ಲಿ ಒಂದನ್ನು ಆರಿಸಿಕೊಂಡು ಆಳವಾಗಿ ಓದಬೇಕು. ಮೂರನೆಯ ಹಂತವೇ ಡಾಕ್ಟರೇಟ್. ಪ್ರಬಂಧ ಬರೆದು, ಎಲ್ಲರೆದುರು ಸಮರ್ಥಿಸಿ, ಅದರ ಮುಖ್ಯ ಭಾಗವನ್ನಾದರೂ ಪ್ರಕಟಿಸಬೇಕು. ಇದಕ್ಕೆ ಸಾಮಾನ್ಯವಾಗಿ ಮೂರು, ನಾಲ್ಕು ವರ್ಷ ಹಿಡಿಯುತ್ತದೆ.

ಕೂಡಿಸಿ ನೋಡಿದರೆ ಸುಮಾರು ಹತ್ತು ವರ್ಷ. ಇಪ್ಪತ್ತನಾಲ್ಕರ ಹುಡುಗಿ ಮೂವತ್ತನಾಲ್ಕಕ್ಕೆ ಬರುತ್ತಾಳೆ. ಅವಳ ಮರಾಠಿ ಎಂ.ಎ. ವ್ಯರ್ಥವಲ್ಲ, ಭಾಷೆಯನ್ನು ಓದುವ, ಪಠ್ಯವನ್ನು ಬಿಡಿಸುವ ಶಿಸ್ತು ಮುಂದೆ ತುಂಬ ಉಪಯೋಗಕ್ಕೆ ಬರುತ್ತದೆ. ಆದರೆ ಲೈಸೆನ್ಶಿಯೇಟಿನ ಜಾಗವನ್ನು ಅದು ತುಂಬಲಾರದು.

ನಾನು ಫೋನಿನಲ್ಲಿ ಇದನ್ನು ವಿವರಿಸುತ್ತಿದ್ದಾಗ ಅಲ್ಲಿಯವರೆಗೆ ಸುಮ್ಮನಿದ್ದ ಅವಳ ತಂದೆ ಮಾತನಾಡಿದರು. “ಮಗ್ಗಕ್ಕ ಮೊದಲ ಬೀಮ್ ಏರಿಸಬೇಕು. ಬೀಮ್ ಇಲ್ಲದ ಬರೇ ಕಾಂಡಿ ಹಾಕಿದ್ರ ಬಟ್ಟಿ ಬರತೈತೇನು? ಇಕಿ ಕಾಂಡಿ ಹಿಡಕೊಂಡ ಕುಂತಾಳ.” ನನ್ನ ಅರ್ಧ ಗಂಟೆಯ ವಿವರಣೆಗಿಂತ ಅವರ ಮಾತು ಹುಡುಗಿಗೆ ಬೇಗ ಅರ್ಥವಾಯಿತು.

ಎಲ್ಲಿ ಓದಬಹುದು?

ಕೊಲ್ಹಾಪುರ ಭಾಗದವರಿಗೆ ಹತ್ತಿರದ್ದು ಪುಣೆಯ ಜ್ಞಾನದೀಪ. 1893ರಲ್ಲಿ ಶ್ರೀಲಂಕಾದ ಕ್ಯಾಂಡಿಯಲ್ಲಿ ಆರಂಭವಾದ ಪೇಪಲ್ ಗುರುಮಠದೊಂದಿಗೆ ಬೆಳೆದ ಈ ವಿದ್ಯಾಪೀಠ 1955ರಲ್ಲಿ ಪುಣೆಗೆ ಬಂತು. ಯೇಸುಸಭೆಯವರು ನಡೆಸುವ ಇಲ್ಲಿ ಮೂರೂ ಹಂತಗಳಿವೆ. ಬೆಂಗಳೂರಿನಲ್ಲಿ ಎರಡು ಹೆಸರಾಂತ ಸಂಸ್ಥೆಗಳಿವೆ. ಒಂದು, 1778ರಲ್ಲಿ ಪಾಂಡಿಚೇರಿಯಲ್ಲಿ ಆರಂಭವಾದ ಗುರುಮಠದ ಪರಂಪರೆಯ ಸಂತ ಪೇತ್ರರ ಪೊಂಟಿಫಿಕಲ್ ಸಂಸ್ಥೆ. ಇದು 1934ರಲ್ಲಿ ಬೆಂಗಳೂರಿಗೆ ಬಂತು. ಇನ್ನೊಂದು, ಸಿ.ಎಂ.ಐ. ಸಭೆಯವರ ಧರ್ಮಾರಾಮ್ ವಿದ್ಯಾಕ್ಷೇತ್ರ. ಉತ್ತರದಲ್ಲಿ ದೆಹಲಿಯ ವಿದ್ಯಾಜ್ಯೋತಿ ಇದೆ.

ಸರ್ಕಾರಿ ವಿಶ್ವವಿದ್ಯಾಲಯಗಳ ದಾರಿಯೂ ಇದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಕ್ರೈಸ್ತಧರ್ಮ ಅಧ್ಯಯನ ವಿಭಾಗವಿದೆ. ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಕ್ರೈಸ್ತ ಅಧ್ಯಯನ ವಿಭಾಗವಿದೆ. ಇಲ್ಲಿ ಯುಜಿಸಿಯ 2022ರ ನಿಯಮಾವಳಿ ಅನ್ವಯಿಸುತ್ತದೆ. ಎರಡು ವರ್ಷದ ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯವಾಗಿ ಶೇ. 55 ಅಂಕ ಬೇಕು, ಪಿಎಚ್.ಡಿ.ಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮಹಿಳೆಯರಿಗೆ ಇನ್ನೂ 2 ವರ್ಷದ ರಿಯಾಯಿತಿ ಉಂಟು. ಎರಡು ದಾರಿಗಳ ನಡುವಿನ ವ್ಯತ್ಯಾಸವನ್ನು ಮನೆಯವರು ಚೆನ್ನಾಗಿ ತಿಳಿಯಬೇಕು. ಗುರುಮಠ ಅಥವಾ ಧರ್ಮಸಭೆಯ ವಿದ್ಯಾಪೀಠದಲ್ಲಿ ಕಲಿಸಬೇಕೆಂದರೆ ಧರ್ಮಸಭೆಯ ಪದವಿ ಬೇಕು. ಸಾಮಾನ್ಯ ಕಾಲೇಜಿನಲ್ಲಿ ಉದ್ಯೋಗ ಬೇಕೆಂದರೆ ಯುಜಿಸಿ ಒಪ್ಪುವ ಪದವಿ ಬೇಕು. ಒಂದು ಇನ್ನೊಂದರ ಬದಲಿಗೆ ತಾನಾಗಿ ನಡೆಯುತ್ತದೆಂದು ಭಾವಿಸಬೇಡಿ. ಸೇರುವ ಮೊದಲೇ ಲಿಖಿತವಾಗಿ ಕೇಳಿಕೊಳ್ಳಿ.

ನಮ್ಮ ಪ್ರೊಟೆಸ್ಟೆಂಟ್ ಸಹೋದರರ ದಾರಿಯೂ ಹೆಚ್ಚುಕಡಿಮೆ ಇಷ್ಟೇ ಉದ್ದ. 1827ರಲ್ಲಿ ಡೆನ್ಮಾರ್ಕಿನ ರಾಜರಿಂದ ಪದವಿ ನೀಡುವ ಸನ್ನದು ಪಡೆದದ್ದು ಸೆರಾಂಪುರ ಕಾಲೇಜು. ಅದರ ಸೆನೆಟ್ಟಿನಡಿ ಬಿ.ಡಿ., ಎಂ.ಟಿಎಚ್. ಮುಗಿಸಿದ ಮೇಲೆಯೇ ಡಾಕ್ಟರೇಟ್. 1910ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು, 1965ರಿಂದ ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಈ ಪರಂಪರೆಯವು.

ವಿದೇಶವೆಂದರೆ ರೋಮಿನ ಹೆಸರು ಮೊದಲು ಬರುತ್ತದೆ. ಸಂತ ಇಗ್ನೇಷಿಯಸ್ ಲೊಯೋಲಾರು 1551ರಲ್ಲಿ ಆರಂಭಿಸಿದ ಗ್ರೆಗೋರಿಯನ್ ವಿಶ್ವವಿದ್ಯಾಲಯ ಅಲ್ಲಿದೆ. ಬೆಲ್ಜಿಯಮ್ಮಿನ ಲೂವೆನ್‌ನಲ್ಲಿ 1432ರಷ್ಟು ಹಳೆಯ ದೈವಶಾಸ್ತ್ರ ವಿಭಾಗವಿದ್ದು, 1969ರಿಂದ ಇಂಗ್ಲಿಷಿನಲ್ಲೂ ಪಾಠ ನಡೆಯುತ್ತದೆ. ರೋಮಿನಲ್ಲಿ ತರಗತಿಗಳು ಅಕ್ಟೋಬರಿನಲ್ಲಿ ಶುರುವಾಗುತ್ತವೆ. ವೀಸಾ, ಭಾಷೆ, ವಿದ್ಯಾರ್ಥಿವೇತನ, ಇವೆಲ್ಲಕ್ಕೂ ಕನಿಷ್ಠ ಒಂದು ವರ್ಷ ಮುಂಚಿತವಾಗಿ ಓಡಾಟ ಆರಂಭಿಸಬೇಕು.

ಅರ್ಜಿಯ ಹೃದಯ

ಡಾಕ್ಟರೇಟಿನ ಅರ್ಜಿ ಎಂದರೆ ಹಿಂದಿನ ಪದವಿಗಳ ಪ್ರಮಾಣಪತ್ರ, ಅಂಕಪಟ್ಟಿ, ನಡತೆಯ ಪತ್ರ, ಪಾಠ ಕಲಿಸಿದ ಇಬ್ಬರು ಪ್ರಾಧ್ಯಾಪಕರ ಶಿಫಾರಸು, ಭಾಷಾಜ್ಞಾನದ ದಾಖಲೆ ಇವೆಲ್ಲ ಸರಿ. ಲೈಸೆನ್ಶಿಯೇಟಿನಲ್ಲಿ ಕೇವಲ ಪಾಸಾದರೆ ಸಾಲದು; ಒಳ್ಳೆಯ ದರ್ಜೆ ಬೇಕು. ಪವಿತ್ರ ಗ್ರಂಥದ ಅಧ್ಯಯನಕ್ಕೆ ಹೀಬ್ರು, ಗ್ರೀಕ್ ಇಲ್ಲದೆ ನಡೆಯದು. ಪೂರ್ವಜರ ಬರಹಗಳಿಗೆ ಲತೀನ್ ಬೇಕು. ಜರ್ಮನ್ ಅಥವಾ ಫ್ರೆಂಚ್ ಓದಲು ಬಂದರೆ ಅನುಕೂಲ. ಇವನ್ನು ಅರ್ಜಿಯ ವರ್ಷದಲ್ಲಿ ಕಲಿಯಲಾಗದು. ಮೊದಲ ಹಂತದಿಂದಲೇ ಕಲಿಯುತ್ತ ಬರಬೇಕು.

ಇವುಗಳಿಗಿಂತ ಮುಖ್ಯವಾದದ್ದು ಸಂಶೋಧನಾ ಪ್ರಸ್ತಾವನೆ. ಕೆಲವೇ ಪುಟಗಳಲ್ಲಿ ನನ್ನ ಪ್ರಶ್ನೆ ಯಾವುದು, ಇದನ್ನು ಈಗಾಗಲೇ ಯಾರು ಕೇಳಿದ್ದಾರೆ, ಅವರು ಬಿಟ್ಟದ್ದೇನು, ನಾನು ಯಾವ ಗ್ರಂಥಗಳಿಂದ, ಯಾವ ವಿಧಾನದಿಂದ ಉತ್ತರ ಹುಡುಕುತ್ತೇನೆ ಎಂದು ಬರೆಯಬೇಕು. ಇದನ್ನು ಓದಿ, ‘ಇವರಿಗೆ ನಾನು ಮಾರ್ಗದರ್ಶನ ಮಾಡುತ್ತೇನೆ’ ಎಂದು ಒಪ್ಪುವ ಪ್ರಾಧ್ಯಾಪಕರೊಬ್ಬರು ಸಿಗಬೇಕು. ಅವರಿಲ್ಲದೆ ಎಷ್ಟೇ ಅಂಕವಿದ್ದರೂ ಅರ್ಜಿ ಮುಂದೆ ಹೋಗದು.

ನಾನು ಹುಡುಗಿಯನ್ನು ಕೇಳಿದೆ, “ನಿನ್ನ ಪ್ರಶ್ನೆ ಏನವ್ವಾ?”

“ಭಾರತದಾಗ ಕ್ರೈಸ್ತಧರ್ಮ ಮತ್ತು ಭಾಷಾ” ಎಂದಳು. ಇದು ಪ್ರಶ್ನೆಯಲ್ಲ, ಒಂದು ಕಪಾಟು ತುಂಬುವಷ್ಟು ಪುಸ್ತಕಗಳ ಹೆಸರು ಎಂದೆ. ಆಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಅದುವರೆಗೆ ಯಾರಿಗೂ ಹೇಳದಿದ್ದ ಮಾತು ಹೇಳಿದಳು.

ಎರಡು ವರ್ಷದ ಹಿಂದೆ ಅವಳ ಅಜ್ಜಿ ಹಾಸಿಗೆ ಹಿಡಿದಿದ್ದರು. ಫಾದರ್ ದೂರದಿಂದ ಬೈಕಿನಲ್ಲಿ ಬಂದು, ಪ್ರೀತಿಯಿಂದ ಎಣ್ಣೆ ಹಚ್ಚಿ ರೋಗಿಗಳ ಅಭ್ಯಂಗ ಸಂಸ್ಕಾರ ಕೊಟ್ಟರು. ಪ್ರಾರ್ಥನೆ ಮರಾಠಿಯಲ್ಲಿ. ಅಜ್ಜಿಗೆ ಸಂತೆಯ ಮರಾಠಿ ಬರುತ್ತಿತ್ತು, ಪ್ರಾರ್ಥನೆಯ ಮರಾಠಿ ಬರುತ್ತಿರಲಿಲ್ಲ. ಮೊಮ್ಮಗಳ ಕೈ ಹಿಡಿದು, “ಏನಂದ್ರು ಹೇಳವ್ವಾ” ಎಂದರು. ಹುಡುಗಿ ಕಿವಿಯ ಹತ್ತಿರ ಬಾಗಿ ಒಂದೊಂದೇ ಮಾತನ್ನು ಕನ್ನಡದಲ್ಲಿ ಹೇಳುತ್ತಾ ಹೋದಳು. ಒಂದು ಕಡೆ ಸರಿಯಾದ ಮಾತು ಸಿಗದೆ ತಡವರಿಸಿದಳು. ಅಜ್ಜಿಯೇ ಆ ಮಾತನ್ನು ತನ್ನ ಆಡುಭಾಷೆಯಲ್ಲಿ ತುಂಬಿ ಹೇಳಿ, ಕಣ್ಣು ಮುಚ್ಚಿದರು.

“ಮಾಮಾ, ನಾ ಹೇಳಿದ್ದು ಫಾದರ್ ಹೇಳಿದ್ದ ಆಗಿತ್ತೇನು? ಅಜ್ಜಿ ಹೇಳಿದ್ದು ಇನ್ನೂ ಬ್ಯಾರೇನೋ ಆಗಿತ್ತೇನು? ಅದ ನನಗ ಗೊತ್ತಾಗಬೇಕು.”

ಪ್ರಿಯ ಓದುಗರೇ, ಇದೇ ಪ್ರಶ್ನೆ! 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ದೈವಾರಾಧನೆಯಲ್ಲಿ ಜನರ ಭಾಷೆಗಳಿಗೆ ಬಾಗಿಲು ತೆರೆಯಿತು. ಆದರೆ ಎರಡು ಭಾಷೆಗಳ ಮಧ್ಯೆ ಬದುಕುವ ಗಡಿಭಾಗದವರ ‘ಜನರ ಭಾಷೆ’ ಯಾವುದು? ಮನೆಯದೋ, ಶಾಲೆಯದೋ, ಸರ್ಕಾರದ್ದೋ? ಮನೆಯಲ್ಲಿ ವಿಶ್ವಾಸವನ್ನು ದಾಟಿಸುವ ಅಜ್ಜಿ, ಮೊಮ್ಮಗಳು ಅನುವಾದಿಸುವಾಗ ಏನು ಉಳಿಯುತ್ತದೆ, ಏನು ಹೊಸದಾಗಿ ಹುಟ್ಟುತ್ತದೆ? ಪೋಪ್ ಫ್ರಾನ್ಸಿಸ್ ಅವರು 2023ರ ನವೆಂಬರ್ 1ರಂದು ಹೊರಡಿಸಿದ ಪತ್ರದಲ್ಲಿ, ದೈವಶಾಸ್ತ್ರ ಜನರು ನಿಜವಾಗಿ ಬದುಕುವ ಸನ್ನಿವೇಶಗಳಿಂದ ಹೊರಡಬೇಕೆಂದು ಕೇಳಿಕೊಂಡರು. ಸುಳಕೂಡದ ಆ ಹಾಸಿಗೆಯ ಪಕ್ಕ ಅಂಥದ್ದೊಂದು ಸನ್ನಿವೇಶವಿತ್ತು.

ಕನ್ನಡಕ್ಕೆ ನಿಘಂಟು ಕೊಟ್ಟ ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ ಅವರು 1853ರಲ್ಲಿ ಇಲ್ಲಿಗೆ ಬಂದರು. ನಿಘಂಟು ಅಚ್ಚಾದದ್ದು 1894ರಲ್ಲಿ. ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟದ್ದು 1896ರಲ್ಲಿ, ಅಂದರೆ ಬಂದ 43 ವರ್ಷಗಳ ಮೇಲೆ. ಜನರ ಬಾಯಿಯ ಮಾತಿಗೆ ಕಿವಿಗೊಟ್ಟದ್ದೇ ಅವರ ಅರ್ಜಿಯಾಗಿತ್ತು ಎನ್ನಬೇಕು.

ಕುಳಿತು ಲೆಕ್ಕ ಹಾಕಿ

ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಯೇಸುಸ್ವಾಮಿ ಸಂತ ಲೂಕರ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ ಕೇಳುತ್ತಾರೆ. ಬುನಾದಿ ಹಾಕಿ ಮುಗಿಸಲಾಗದೆ ನಿಂತರೆ ನೋಡಿದವರು ನಗುತ್ತಾರೆ. ಆದ್ದರಿಂದ ಕಹಿಯಾದ ಕೆಲವು ಮಾತುಗಳನ್ನೂ ಹೇಳಲೇಬೇಕು.

ಗುರುಗಳ, ಭಗಿನಿಯರ ಓದಿನ ಖರ್ಚನ್ನು ಅವರ ಧರ್ಮಕ್ಷೇತ್ರ ಅಥವಾ ಸಭೆ ಹೊರುತ್ತದೆ. ಶ್ರೀಸಾಮಾನ್ಯರ ಹಿಂದೆ ಅಂಥ ಆಸರೆ ಇರುವುದು ಅಪರೂಪ. ಶುಲ್ಕ, ವಸತಿ, ಊಟ, ಪುಸ್ತಕ ಎಲ್ಲವೂ ಮನೆಯ ಮೇಲೆ. ಓದು ಮುಗಿದ ಮೇಲೆ ಶ್ರೀಸಾಮಾನ್ಯ ದೈವಶಾಸ್ತ್ರಜ್ಞರಿಗೆ ನಮ್ಮಲ್ಲಿ ಪೂರ್ಣಾವಧಿ ಕೆಲಸಗಳು ಕಡಿಮೆ. ಪತ್ರ ಬರೆದರೆ ಉತ್ತರ ಬಾರದಿರುವುದೂ ಉಂಟು. ನಮ್ಮ ಹುಡುಗಿ ಒಂದು ಸಂಸ್ಥೆಗೆ ಬರೆದು ಮೂರು ತಿಂಗಳು ಕಾದಳು. ಕೊನೆಗೆ ಬಂದ ಒಂದೇ ಸಾಲಿನ ಉತ್ತರದಲ್ಲಿ, ‘ನೀವು ಯಾವ ಸಭೆಯ ಸಿಸ್ಟರ್?’ ಎಂದಿತ್ತು. ಆ ದಿನ ಅವಳು ಅತ್ತಳು. ಮರುದಿನ ‘ನಾನು ಸಿಸ್ಟರ್ ಅಲ್ಲ, ಶಾಲಾ ಶಿಕ್ಷಕಿ’ ಎಂದು ಮತ್ತೆ ಬರೆದಳು.

ಇನ್ನೊಂದು ಪ್ರಶ್ನೆಯನ್ನೂ ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕು. ನಿಜವಾಗಿ ಡಾಕ್ಟರೇಟ್ ಬೇಕೇ? ಗುರುಮಠದಲ್ಲಿ ಕಲಿಸಲು ಲೈಸೆನ್ಶಿಯೇಟ್ ಸಾಕು. ವಿದ್ಯಾಪೀಠದ ಪ್ರಾಧ್ಯಾಪಕರಾಗಲು ಡಾಕ್ಟರೇಟ್ ಬೇಕು. ಧರ್ಮಕೇಂದ್ರದಲ್ಲಿ ಮಕ್ಕಳಿಗೆ ಜ್ಞಾನೋಪದೇಶ ಕಲಿಸಲು, ಪವಿತ್ರ ಗ್ರಂಥದ ಗುಂಪು ನಡೆಸಲು ಇವೆರಡೂ ಬೇಡ. ಒಳ್ಳೆಯ ತರಬೇತಿ, ಪ್ರಾರ್ಥನೆ ಸಾಕು. ಹೆಸರಿನ ಮುಂದೆ ‘ಡಾ.’ ಎಂದು ಬರೆದುಕೊಳ್ಳುವ ಆಸೆಗೆ ಹತ್ತು ವರ್ಷ ಸವೆಸುವುದು ಬೇಡ. ಬಿಡದೆ ಕಾಡುವ ಪ್ರಶ್ನೆಯೊಂದಿದ್ದರೆ ಮಾತ್ರ ಆ ದಾರಿ ಹಿಡಿಯಿರಿ.

ನಾವೇನು ಮಾಡಬಹುದು?

ಮಗನೋ ಮಗಳೋ ಇಂಥ ಆಸೆ ಹೇಳಿದರೆ ತಂದೆತಾಯಿಗಳು ಮೊದಲ ದಿನವೇ ‘ಬೇಡ’ ಎನ್ನಬೇಡಿ. ‘ಆಗಲಿ’ ಎಂದೂ ಅವಸರಪಡಬೇಡಿ. ‘ಯಾಕೆ?’ ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ. ಧರ್ಮಕೇಂದ್ರದ ಗುರುಗಳಲ್ಲಿ ನನ್ನ ವಿನಂತಿ: ನೀವು ಬರೆಯುವ ಪತ್ರ ಶ್ರೀಸಾಮಾನ್ಯ ಅಭ್ಯರ್ಥಿಗೆ ಬರೀ ಕಾಗದವಲ್ಲ, ಅವರಿಗಿರುವ ಮುಖ್ಯ ಆಸರೆ. ಎರಡು ಸಾಲಿಗೆ ಮುಗಿಸದೆ, ಅವರನ್ನು ಬಲ್ಲವರಂತೆ ಬರೆಯಿರಿ. ಪಾಲನಾ ಸಮಿತಿಗಳು ಹಬ್ಬದ ಮಂಟಪಕ್ಕೆ, ಪಟಾಕಿಗೆ ಕೂಡಿಸುವ ಹಣದಲ್ಲಿ ಒಂದು ಪಾಲನ್ನು ಒಬ್ಬ ವಿದ್ಯಾರ್ಥಿಯ ಪುಸ್ತಕಗಳಿಗೆ ಮೀಸಲಿಡಬಹುದಲ್ಲವೇ?

ಕೊನೆಗೆ ನಮ್ಮ ಹುಡುಗಿಯ ವಿಷಯ. ಡಾಕ್ಟರೇಟಿನ ಆ ಅರ್ಜಿ ನಮೂನೆಯನ್ನು ಅವಳು ಮಡಿಚಿ ಅಜ್ಜಿಯ ಪ್ರಾರ್ಥನಾ ಪುಸ್ತಕದೊಳಗೆ ಇಟ್ಟಿದ್ದಾಳೆ. ಈಗ ತುಂಬುತ್ತಿರುವುದು ಮೊದಲ ಹಂತದ ಅರ್ಜಿ. ಶಾಲೆಯ ಸಂಬಳದಲ್ಲಿ ಒಂದು ವರ್ಷ ಹಣ ಕೂಡಿಸಿ ಸೇರುವುದೆಂದು ತೀರ್ಮಾನವಾಗಿದೆ. ತಂಗಿಗೆ ಇನ್ನೂ ಪೂರ್ತಿ ಸಮಾಧಾನವಿಲ್ಲ. “ಲಗ್ನದ ಮಾತು ಬಂದ್ರ ಏನ್ ಹೇಳಲಿ?” ಎಂದು ಫೋನು ಮಾಡಿದಾಗಲೆಲ್ಲ ಕೇಳುತ್ತಾಳೆ. ಆ ಚಿಂತೆಯೂ ನ್ಯಾಯವಾದದ್ದೇ. ಅದಕ್ಕೆ ನನ್ನ ಬಳಿ ಸಿದ್ಧ ಉತ್ತರವಿಲ್ಲ. ಆದರೆ ಅರ್ಜಿಯ ಜೊತೆಗಿಡಲು ಜ್ಞಾನಸ್ನಾನದ ಪ್ರಮಾಣಪತ್ರ ಬೇಕೆಂದಾಗ, ಒಂದು ದಿನದ ಕೂಲಿ ಬಿಟ್ಟು ಧರ್ಮಕೇಂದ್ರಕ್ಕೆ ಹೋಗಿ ತಂದವರು ಅವಳ ತಂದೆ.

ಫಾದರ್ ಕೊಟ್ಟ ಪತ್ರವನ್ನೂ ಅವರೇ ತಂದರು. ಅದನ್ನು ಮಗಳ ಕೈಗಿಡುತ್ತಾ ಹೇಳಿದ್ದು ಇಷ್ಟೇ: “ತೊಗೋ. ಬೀಮ್ ಏರಿಸೋಣ. ಬಟ್ಟಿ ಬರೂ ಹೊತ್ತಿಗೆ ಬರ್ಲಿ.”

ನಿಮ್ಮ ಧರ್ಮಕೇಂದ್ರದಲ್ಲೂ ಇಂಥ ಪ್ರಶ್ನೆ ಇಟ್ಟುಕೊಂಡು ಕುಳಿತ ಮಗುವೊಂದು ಇರಬಹುದು. ಈ ಭಾನುವಾರ ಬಲಿಪೂಜೆ ಮುಗಿದ ಮೇಲೆ ಒಂದು ಮಾತು ಕೇಳಿ ನೋಡಿ.